ಆನೆಬಂಡೆಗೆ ಒಂದು ದೋಣಿ

ತಿಪಟೂರಿನ ನಮ್ಮ ಮನೆಯ ಹಜಾರದಲ್ಲಿ ಛತ್ರಿ ತೂಗುಹಾಕಲು ಹೊಡೆದ ಮೊಳೆಯೊಂದಿದೆ. ಈಗ ಅದರಲ್ಲಿ ಛತ್ರಿ ಇಲ್ಲ. ಸುಲಿಯದ ಎರಡು ಒಣ ತೆಂಗಿನಕಾಯಿಗಳು ಜೋಡಿಯಾಗಿ ತೂಗುತ್ತಿವೆ. ಎರಡರ ಮೈಯಿಂದಲೂ ಒಂದೊಂದು ಪಟ್ಟಿ ಸಿಪ್ಪೆ ಎಳೆದು, ಆ ಪಟ್ಟಿಗಳನ್ನೇ ಗಂಟು ಹಾಕಲಾಗಿದೆ. ಬಂದವರು ದೃಷ್ಟಿಗೆ ಕಟ್ಟಿದ್ದೀರಾ ಎಂದು ಕೇಳುತ್ತಾರೆ. ಹರಕೆಯೇ ಎಂದು ಕೇಳಿದವರೂ ಇದ್ದಾರೆ. ಗ್ಯಾಸ್ ಸಿಲಿಂಡರ್ ತಂದವರೊಬ್ಬರು ಮಾತ್ರ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಗಿಟುಕು ಆಗೈತೆ ಸಾರ್, ಸುಮ್ನೆ ಯಾಕೆ ನೇತಾಕಿದ್ದೀರಿ, ಸುಲಿಸಿ ಮಂಡಿಗೆ ಹಾಕಿ" ಎಂದು ಬುದ್ಧಿ ಹೇಳಿ ಹೋದರು. ವರ್ಷದ ಹತ್ತಿರ ಅಟ್ಟದ ಮೇಲೆ ಮಲಗಿದ ಕಾಯಿಯೊಳಗೆ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಿ ಗಡಗಡ ಎನ್ನುತ್ತದೆ. ಅದೇ ಗಿಟುಕು. ಆ ಸದ್ದು ಕೇಳಿದ ಮೇಲೂ ಕಾಯಿ ಮಾರದೆ ಇಟ್ಟುಕೊಂಡವನನ್ನು ನಮ್ಮ ಸೀಮೆ ಸ್ವಲ್ಪ ಅನುಮಾನದಿಂದಲೇ ನೋಡುತ್ತದೆ.

ಅವು ನನ್ನ ದೋಣಿಯ ಸಾಮಾನು ಎಂದರೆ ಅನುಮಾನ ಇನ್ನೂ ಹೆಚ್ಚಾಗುತ್ತದೆ. ತೆಂಗಿನ ಸೀಮೆಯವನಿಗೆ ದೋಣಿ ಯಾಕೆ? ನ್ಯಾಯವಾದ ಪ್ರಶ್ನೆಯೇ. ಇಲ್ಲಿ ಸಮುದ್ರವಿಲ್ಲ, ಹೇಳಿಕೊಳ್ಳುವಂಥ ನದಿಯಿಲ್ಲ. ಇರುವುದು ಕೆರೆಗಳು. ಅವುಗಳಲ್ಲೂ ಬಹಳಷ್ಟು, ನಾನು ಪತ್ರಿಕೆಯಲ್ಲಿ ಕೆಲಸ ಮಾಡಿದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ, ಹೆಚ್ಚಾಗಿ ಜಾಲಿ ಬೆಳೆಯುವ ಬಯಲುಗಳಾಗಿಯೇ ಇದ್ದವು. ನಾಲೆಯ ನೀರು ಬಂದಮೇಲೆ ಕೆಲವು ಕೆರೆಗಳು ಮತ್ತೆ ಕೆರೆಗಳಾದವು. ದಬ್ಬೇಘಟ್ಟದ ಹತ್ತಿರದ ನಮ್ಮೂರ ಕೆರೆ ಅವುಗಳಲ್ಲೊಂದು.

ಕೆರೆ ತುಂಬಿದ ವರ್ಷ ನಾನು ನಿವೃತ್ತನಾಗಿದ್ದೆ. ಅದೇ ಊರಿನಲ್ಲಿ ಸೋದರಮಾವನ ಮಗನನ್ನು ಮದುವೆಯಾಗಿ ಅಲ್ಲೇ ಇರುವ ನನ್ನ ಅಕ್ಕ, ಒಂದು ಭಾನುವಾರ ಊಟಕ್ಕೆ ಬಡಿಸುತ್ತಾ, ಏರಿಯ ಕಡೆ ನೋಡಿಕೊಂಡೇ ಕೇಳಿದಳು: "ನೀರು ಇಳಿಯೋದ್ರೊಳಗೆ ನನ್ನ ಆನೆಬಂಡೆ ತಾವ ಕರ್ಕೊಂಡೋಗ್ತೀಯೇನೋ?"

ಆನೆಬಂಡೆ ಕೆರೆಯ ನಡುವಿರುವ ಒಂದು ದೊಡ್ಡ ಕಲ್ಲು. ಕೆರೆ ತುಂಬಿದಾಗ ನೀರಿನ ಮೇಲೆ ಅದರ ಬೆನ್ನು ಮಾತ್ರ ಕಾಣುತ್ತದೆ. ಬೇಸಿಗೆಯಲ್ಲಿ ಅದರ ಬುಡಕ್ಕೆ ನಡೆದೇ ಹೋಗಬಹುದು. ಕುರಿ ಕಾಯುವವರು ಅದರ ನೆರಳಿನಲ್ಲಿ ಊಟ ಮಾಡುತ್ತಾರೆ. ಬೇಸಿಗೆಗೆ ಹೋದರಾಯಿತಲ್ಲ ಎಂದೆ. ನೀರಿದ್ದಾಗ ಹೋಗುವುದೇ ಬೇರೆ ಎಂದಳು. ಅಕ್ಕನಿಗೆ ಆಗ ಅರವತ್ತೇಳು. ಎರಡೂ ಮೊಣಕಾಲು ಕೈಕೊಟ್ಟಿದ್ದವು. ಅವಳು ನನ್ನನ್ನು ಏನನ್ನಾದರೂ ಕೇಳಿದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು. ಇಲ್ಲವೆನ್ನಲು ನನಗೆ ಬಾಯಿ ಇರಲಿಲ್ಲ. ಅದಕ್ಕೊಂದು ಹಳೆಯ ಕಾರಣವಿತ್ತು.

ನಮ್ಮ ಕಾಲದಲ್ಲಿ ಮಕ್ಕಳು ತೋಟದ ಬಾವಿಯಲ್ಲಿ ಈಜು ಕಲಿಯುತ್ತಿದ್ದದ್ದು ಒಣ ಕಾಯಿ ಕಟ್ಟಿಕೊಂಡು. ಎರಡು ಕಾಯಿ ಜೋಡಿಸಿ, ಗಂಟು ಹೊಟ್ಟೆಯ ಕೆಳಗೆ ಬರುವಂತೆ, ಎಡಕ್ಕೊಂದು ಬಲಕ್ಕೊಂದು. ನನಗೆ ಕಲಿಸಿದವಳು ಅಕ್ಕ. ಕಲಿಸಿದಳು ಎಂದರೆ, ಬಾವಿಯ ಮೆಟ್ಟಿಲಿನಿಂದ ಹಿಂದೆ ನಿಂತು ನೂಕಿದಳು. ಹದಿಮೂರನೇ ವಯಸ್ಸಿಗೆ ಅವಳಿಗೆ ಬಾವಿ ಸಾಲದಾಯಿತು. ಒಂದು ಸಂಜೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನನ್ನನ್ನು ಕೂರಿಸಿ, "ಆನೆಬಂಡೆ ಮುಟ್ಟಿ ಬತ್ತೀನಿ, ನೋಡ್ತಿರು" ಎಂದು ಕೆರೆಗೆ ಇಳಿದಳು. ನನಗೆ ಒಂಬತ್ತು ವರ್ಷ. ಮನೆಗೆ ಬಂದಮೇಲೆ ಅಪ್ಪ, ಇವಳ ತಲೆ ಯಾಕೆ ಒದ್ದೆ ಎಂದು ಕೇಳಿದರು. ನಾನು ಹೇಳಿದೆ: ಅಕ್ಕ ಕೆರೆಯಲ್ಲಿ ಈಜಿ ಆನೆಬಂಡೆ ಮುಟ್ಟಿ ಬಂದಳು. ಹೋದ ದಾರಿ, ಬಂದ ಹೊತ್ತು, ಎಲ್ಲವನ್ನೂ ವಿವರವಾಗಿ ಹೇಳಿದೆ.

ಅಪ್ಪ ಅವಳಿಗೆ ಎರಡೇಟು ಕೊಟ್ಟರು. ಆಮೇಲೆ ಅವಳ ಕಾಯಿಗಳನ್ನು ಬಚ್ಚಲ ಒಲೆಗೆ ಹಾಕಿದರು. ಅವತ್ತು ಹಂಡೆಯ ನೀರು ಬಹಳ ಬೇಗ ಕಾಯಿತು. ಅಲ್ಲಿಂದ ಅಕ್ಕ ನೀರಿಗೆ ಇಳಿಯಲಿಲ್ಲ. ನನ್ನ ಬಗ್ಗೆ ಮಾತ್ರ ಅಪ್ಪ ನಾಲ್ಕು ಜನರ ಮುಂದೆ, "ನೋಡಿದ್ದನ್ನ ನೋಡ್ದಂಗೆ ಹೇಳ್ತಾನೆ ಕಣಪ್ಪ, ಒಂದಕ್ಷರ ಅತ್ತಿತ್ತ ಇಲ್ಲ" ಎಂದರು. ಆ ಮಾತು ನನಗೆ ಎಷ್ಟು ರುಚಿಸಿತೆಂದರೆ, ಮುಂದೆ ಅದನ್ನೇ ಉದ್ಯೋಗ ಮಾಡಿಕೊಂಡೆ.

ಈಗ ದೋಣಿಯ ವಿಷಯ. ನನ್ನ ಶಿಸ್ತಿನ ಪ್ರಕಾರ ಮೊದಲು ಒಂದು ಪಟ್ಟಿ ಮಾಡಿದೆ: ಉದ್ದ, ಅಗಲ, ತೂಕ, ಅದು ಎಷ್ಟು ಜನರನ್ನು ಹೊರಬೇಕು, ಅದನ್ನು ಎಷ್ಟು ಜನ ಹೊರಬೇಕು, ಹೀಗೆ ಹದಿನಾಲ್ಕು ಅಂಶ. ಹದಿನಾಲ್ಕನ್ನೂ ಪಾಸು ಮಾಡಿದ್ದು ಗಾಳಿ ತುಂಬುವ ರಬ್ಬರ್ ದೋಣಿ. ಮಡಿಸಿದರೆ ಹಾಸಿಗೆಯ ಸುರುಳಿಯಷ್ಟು. ಪೆಟ್ಟಿಗೆಯಲ್ಲಿ ಮನೆಬಾಗಿಲಿಗೇ ಬಂತು. ಅಕ್ಕನನ್ನು ಕೂರಿಸುವ ಮೊದಲು ನಾನು ಕಲಿಯಬೇಕಲ್ಲ, ಹಾಗಾಗಿ ಭಾನುವಾರಕ್ಕೊಂದು ಕೆರೆಯಂತೆ ಹೊರಟೆ. ಜೊತೆಗೆ ನಂಜುಂಡಪ್ಪ. ಅವನು ನನ್ನ ಸಹಪಾಠಿ. ಜೀವಮಾನವೆಲ್ಲ ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಆಯುವ ಕೆಲಸ ಮಾಡಿದವನು. ಸಾವಿರ ಕಾಯಿಯ ರಾಶಿಯ ಮುಂದೆ ಕೂತು, ಬೆರಳ ಗೆಣ್ಣಿನಿಂದ ಕುಟ್ಟಿ ಒಳಗಿನ ಕೊಳೆತವನ್ನು ಹೇಳಬಲ್ಲ.

ಹುಟ್ಟು ಹಾಕುವುದನ್ನು ನಾನು ನಿಜವಾಗಿ ಕಲಿತದ್ದು ಅಮ್ಮಸಂದ್ರದ ಕಡೆಯ ಒಂದು ಕೆರೆಯಲ್ಲಿ. ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾನೆ. ಅವನಿಗೆ ಕಾಣುವುದು ಬಿಟ್ಟು ಬಂದ ದಡ ಮಾತ್ರ. ನೇರ ಹೋಗಬೇಕಾದರೆ ಹಿಂದಿನ ಯಾವುದಾದರೊಂದು ಗುರುತನ್ನು ಕಣ್ಣಲ್ಲಿ ಹಿಡಿದಿರಬೇಕು. ನಾನು ಸಿಮೆಂಟ್ ಕಾರ್ಖಾನೆಯ ಹೊಗೆ ಕೊಳವೆಯನ್ನು ಹಿಡಿದೆ. ಅದು ಮೂಗಿನ ನೇರಕ್ಕಿರುವವರೆಗೆ ದೋಣಿಯೂ ನೇರ. ವಯಸ್ಸಾದವರಿಗೆ ಹೇಳಿ ಮಾಡಿಸಿದ ವಾಹನ ಇದು ಎನಿಸಿತು.

ಬೇರೆ ಪಾಠಗಳನ್ನೂ ಕಲಿತೆವು. ಬೆಳಗ್ಗೆ ಹತ್ತರ ಮೇಲೆ ಗಾಳಿ ಏಳುತ್ತದೆ, ಆಮೇಲೆ ದೋಣಿ ನಮ್ಮದಲ್ಲ, ಅದರದು. ಮೀನು ಹಿಡಿಯುವವರ ಬಲೆ ಎಲ್ಲಿದೆ ಎಂದು ಮೊದಲೇ ವಿಚಾರಿಸಬೇಕು. ವಿಚಾರಿಸದೆ ಹೋದ ಒಂದು ಸಲ ನಾವೇ ಆ ದಿನದ ಮೀನಾಗಿದ್ದೆವು. ಮೊಸರನ್ನ ಒಯ್ಯಬಹುದು, ಚಿತ್ರಾನ್ನ ಒಯ್ಯಬಾರದು. ಕಡಲೇಬೀಜ ರಬ್ಬರಿನ ಮಡಿಕೆಗಳಲ್ಲಿ ಸೇರಿಕೊಂಡರೆ ವಾರವಿಡೀ ಹುಡುಕಬೇಕು. ಇನ್ನೊಂದು: ನಮ್ಮ ಸೀಮೆಯಲ್ಲಿ ದೋಣಿಯಲ್ಲಿ ಕೂತ ಮನುಷ್ಯ ಸರ್ಕಾರದವನೇ ಆಗಿರಬೇಕು. ಚಿಕ್ಕನಾಯಕನಹಳ್ಳಿ ಕಡೆಯ ಕೆರೆಯೊಂದರಲ್ಲಿ ಕಿತ್ತಳೆ ಬಣ್ಣದ ಜೀವರಕ್ಷಕ ಅಂಗಿ ತೊಟ್ಟು ದಡಕ್ಕೆ ಬಂದಾಗ, ಏರಿಯ ಮೇಲೆ ಆರೇಳು ಜನ ಕಾಯುತ್ತಿದ್ದರು. ತೂಬು ಸೋರುತ್ತಿದೆ ಎಂದು ಅರ್ಜಿ ಕೊಟ್ಟರು. ನಾನು ಸರ್ಕಾರದವನಲ್ಲ ಎಂದೆ. ಎಲ್ಲ ಅಧಿಕಾರಿಗಳೂ ಮೊದಲು ಹಾಗೇ ಹೇಳುತ್ತಾರೆ ಎಂದರು. ಅಭ್ಯಾಸಬಲದಿಂದ ಜೇಬಿನ ಪುಸ್ತಕ ತೆಗೆದು ಬರೆದುಕೊಂಡೆ. ಅದರಿಂದ ಅವರ ಅನುಮಾನ ಪೂರ್ತಿ ಖಚಿತವಾಯಿತು.

ಇಷ್ಟಾಗುವಾಗ ಬಿಸಿಲಿಗೆ ದೋಣಿಯ ಮೈ ಬಿರುಸಾಗಿ ಬಿಳಿಚಿಕೊಂಡಿತ್ತು. ಇಲ್ಲಿ ನಾನು ಮಾಡಿದ ತಪ್ಪನ್ನು ಬೇರೆ ಊರಿನವರು ಮಾಡುತ್ತಿರಲಿಲ್ಲ. ನಮ್ಮಲ್ಲಿ ಬಾಳಿಕೆ ಬರಬೇಕಾದ ಎಲ್ಲಕ್ಕೂ ಕೊಬ್ಬರಿ ಎಣ್ಣೆ ಹಚ್ಚುತ್ತೇವೆ: ತಲೆಗೆ, ಮಗುವಿಗೆ, ಕುಡುಗೋಲಿಗೆ, ಬಾಗಿಲ ತಿರುಗಣೆಗೆ. ದೋಣಿಗೂ ಹಚ್ಚಿದೆ, ಧಾರಾಳವಾಗಿ. ಆಮೇಲೆ ಮಡಿಸಿ, ನಮ್ಮ ಸೀಮೆಯಲ್ಲೇ ಅತ್ಯಂತ ಭದ್ರವಾದ ಜಾಗ ಯಾವುದೋ ಅಲ್ಲಿಟ್ಟೆ. ಎಂದರೆ, ಅಕ್ಕನ ಮನೆಯ ಕೊಬ್ಬರಿ ಅಟ್ಟದಲ್ಲಿ. ಬೆಲೆಬಾಳುವುದನ್ನು ಅಟ್ಟಕ್ಕೆ ಹಾಕಬೇಕೆಂಬುದು ನಮಗೆ ಹಾಲಿನೊಂದಿಗೆ ಬಂದ ಬುದ್ಧಿ. ಅಟ್ಟದಲ್ಲಿ ಕಾಯಿಗೆ ಕಾದು ಕೂತ ಇಲಿಗಳಿರುತ್ತವೆ ಎಂಬುದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಯೋಚಿಸಿರಲಿಲ್ಲ, ಅಷ್ಟೆ.

ಅಕ್ಕನನ್ನು ಕರೆದೊಯ್ಯಬೇಕಾದ ಭಾನುವಾರ ಅಟ್ಟದಿಂದ ದೋಣಿ ಇಳಿಸಿ ಬಿಡಿಸಿದೆವು. ಎಣ್ಣೆ ಹಚ್ಚಿದಷ್ಟು ಜಾಗವನ್ನು, ಅಳತೆ ತಪ್ಪದೆ, ಇಲಿಗಳು ತಿಂದಿದ್ದವು. ಎಣ್ಣೆ ತಾಗದ ತಳ ಮಾತ್ರ ಹೊಸದರಂತಿತ್ತು.

"ಇಲಿಗಳಿಗೆ ಎಲೆ ಹಾಕಿ, ತುಪ್ಪಾನೂ ಬಡಿಸಿದ್ದೀಯಲ್ಲೋ" ಎಂದ ನಂಜುಂಡಪ್ಪ.

ಅಕ್ಕ ನಗಲಿಲ್ಲ. ಏರಿಯ ಕಡೆ ನೋಡಿ, ಇನ್ನು ಹದಿನೈದು ದಿನಕ್ಕೆ ನೀರು ಹಿಂದೆ ಸರಿಯುತ್ತದೆ ಎಂದಷ್ಟೇ ಹೇಳಿ ಒಳಗೆ ಹೋದಳು. ಹಾಗೇ ಆಯಿತು. ಬೇಸಿಗೆಗೆ ಬಂಡೆಯ ಸುತ್ತ ಕುರಿಗಳು ಬಂದವು. ಮುಂದಿನ ಮಳೆಗಾಲದಲ್ಲಿ ಕೆರೆ ಮತ್ತೆ ತುಂಬಿತು. ಆದರೆ ಅಷ್ಟರಲ್ಲಿ ಡಾಕ್ಟರು ಅಕ್ಕನ ಮೊಣಕಾಲಿಗೆ ಸಂಕ್ರಾಂತಿ ಕಳೆದ ಮೇಲೆ ಆಪರೇಷನ್ ಎಂದು ಹೇಳಿದ್ದರು. ಆಮೇಲೆ ದೋಣಿ ಹತ್ತಿ ಇಳಿಯುವುದೆಲ್ಲ ಆಗದ ಮಾತು ಎಂದೂ ಹೇಳಿದ್ದರು. ನಾಲೆಯ ನೀರು ಪ್ರತಿ ವರ್ಷ ಬರುತ್ತದೆಂಬ ಭರವಸೆ ಯಾರಿಗೂ ಇಲ್ಲ. ಹೋಗುವುದಾದರೆ ಈ ನೀರಿಗೇ ಹೋಗಬೇಕು.

ಮೀನುಗಾರರಿಂದ ಒಂದು ಹರಿಗೋಲು ಎರವಲು ತಂದೆವು. ಅದು ಮುಂದೆ ಹೋಗುವುದಕ್ಕಿಂತ ಸುತ್ತುವುದನ್ನೇ ಹೆಚ್ಚು ಇಷ್ಟಪಡುತ್ತದೆ. ದಡದಲ್ಲಿ ನಿಂತು ನಮ್ಮ ಪಾಡು ನೋಡಿದ ಅಕ್ಕ, "ಒರಳಲ್ಲಿ ಹಿಟ್ಟು ತಿರುಗ್ದಂಗೆ ತಿರುಗ್ತಿದ್ದೀರ. ನನ್ನ ಕೈಲಾಗಲ್ಲಪ್ಪ" ಎಂದಳು. ಅದಲ್ಲದೆ ಅದರ ಅಂಚು ಎತ್ತರ. ಕಾಲು ಎತ್ತಿ ಒಳಗಿಡುವುದು ಅವಳಿಂದ ಸಾಧ್ಯವಿರಲಿಲ್ಲ. ನನ್ನ ಹದಿನಾಲ್ಕು ಅಂಶಗಳಲ್ಲಿ ಹತ್ತುವವರ ಮೊಣಕಾಲು ಇರಲೇ ಇಲ್ಲವೆಂಬುದು ಆಗ ಹೊಳೆಯಿತು.

ಕೊನೆಗೆ, ಮುಚ್ಚಿಹೋದ ಒಂದು ವಿಹಾರಧಾಮದ ಕೊಳದಲ್ಲಿದ್ದ ಎರಡು ಚಿಕ್ಕ ಫೈಬರ್ ದೋಣಿಗಳು ಮಾರಾಟಕ್ಕಿವೆ ಎಂದು ತಿಳಿಯಿತು. ಎರಡೂ ಎಂಟಡಿಯವು, ಚಪ್ಪಟೆ ತಳದವು, ತಗ್ಗು ಅಂಚಿನವು. ಒಂದಕ್ಕೆ ಹೊಸದಾಗಿ ನೀಲಿ ಬಣ್ಣ ಬಳಿದು ಮಿರುಗಿಸಿದ್ದರು. ಇನ್ನೊಂದು ಬಣ್ಣ ಹೋಗಿ ಹಳೇ ಬಾಣಲೆಯಂತಿತ್ತು. ನಾನು ಪಟ್ಟಿ ತೆಗೆದು ನೀಲಿಯದಕ್ಕೆ ಅಂಕ ಕೊಡತೊಡಗಿದೆ. ನಂಜುಂಡಪ್ಪ ಪಂಚೆ ಎತ್ತಿ ಕಟ್ಟಿ, ಕುಕ್ಕರುಗಾಲಿನಲ್ಲಿ ಕೂತು, ಬೆರಳ ಗೆಣ್ಣಿನಿಂದ ನೀಲಿ ದೋಣಿಯನ್ನು ಗೇಣು ಗೇಣಿಗೆ ಕುಟ್ಟುತ್ತಾ ಹೋದ. ಟಕ್, ಟಕ್, ಟಕ್. ಹಿಂಬದಿಯ ಮೂಲೆಯಲ್ಲಿ ಸದ್ದು ಸಪ್ಪೆಯಾಯಿತು. ಮತ್ತೆ ಕುಟ್ಟಿದ. ಮತ್ತೆ ಸಪ್ಪೆ. "ಇದು ಒಳಗೆ ಕೊಳ್ತೈತೆ, ಬುಡು" ಎಂದ. ಮಾರುವವರು ದೋಣಿಯನ್ನು ಕುಟ್ಟಿ ನೋಡುವವರನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದು ನಕ್ಕರು. ಆದರೆ ಬಣ್ಣದ ಕೆಳಗಿನ ಬಿರುಕನ್ನು ತೋರಿಸಿದ ಮೇಲೆ ಇನ್ನೊಂದರ ಬೆಲೆ ಹೇಳಿದರು. ಬಾಣಲೆ ನಮ್ಮದಾಯಿತು. ಅದರ ಮೈಗೆ ನಾನು ಎಣ್ಣೆ ಹಚ್ಚಲಿಲ್ಲ.

ಕಾರ್ತಿಕದ ಒಂದು ಭಾನುವಾರ, ಗಾಳಿ ಏಳುವ ಮೊದಲೇ, ಲಗೇಜ್ ಆಟೋದಲ್ಲಿ ದೋಣಿ ಹೇರಿಕೊಂಡು ಬಂದೆವು. ಭಾವ ಜಗಲಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದರು. ನಾನು ಅಷ್ಟು ವರ್ಷ ದುಡಿದ ಪತ್ರಿಕೆಯಲ್ಲಿ ಅವರು ಓದುವುದು ಕೊಬ್ಬರಿ ಧಾರಣೆಯನ್ನು ಮಾತ್ರ. ನಂಜುಂಡಪ್ಪನಿಗೆ ಕಾಫಿ ಕೊಡಿಸುತ್ತಾ ಅವರು ತಮ್ಮ ಎಂದಿನ ಮಾತು ತೆಗೆದರು: "ಇವಳಿಗೆ ಯಾತಕ್ಕೆ ದೋಣಿ ಅಂತ. ಹದಿಮೂರು ವರ್ಷಕ್ಕೇ ಈಜ್ಕೊಂಡೋಗಿ ಆನೆಬಂಡೆ ಮುಟ್ಟಿ ಬಂದೋಳು. ನಮ್ಮ ಸೀಮೆಲಿ ಗಂಡಸ್ರೂ ಮುಟ್ಟಿರ್ನಿಲ್ಲ." ಈ ಮಾತನ್ನು ಅವರು ಮದುವೆಯಾದಂದಿನಿಂದ ಹೇಳುತ್ತಿದ್ದಾರೆ, ಬೀಗರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಎಲ್ಲರಿಗೂ. ಅಕ್ಕ ಎಂದಿನಂತೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಹೊರಗೆ ಬಂದಾಗ ಮೊಮ್ಮಗಳ ಚೂಡಿದಾರ ತೊಟ್ಟಿದ್ದಳು. ಅವಳನ್ನು ಆ ಉಡುಪಿನಲ್ಲಿ ನಾನು ನೋಡಿದ್ದು ಅದೇ ಮೊದಲು. ದೋಣಿ ಹತ್ತಲು ಅನುಕೂಲವೆಂದು ಅಂದುಕೊಂಡೆ. ಕೈಯಲ್ಲೊಂದು ಬಟ್ಟೆಯ ಚೀಲವಿತ್ತು. ಬುತ್ತಿ ಎಂದುಕೊಂಡೆ. ಕಂಡದ್ದನ್ನೆಲ್ಲ ದಾಖಲಿಸಿ, ಒಂದನ್ನೂ ಅರ್ಥಮಾಡಿಕೊಳ್ಳದಿರುವುದು ನಮ್ಮ ವೃತ್ತಿಯ ಹಳೆಯ ರೋಗ.

ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕೆ ದೋಣಿ ತಂದು, ನಂಜುಂಡಪ್ಪ ನೀರಿನಲ್ಲಿ ನಿಂತು ಹಿಡಿದುಕೊಂಡ. ಅಕ್ಕ ಕಲ್ಲಿನ ಮೇಲೆ ಕೂತು, ಹಾಗೇ ಜರುಗಿ ಒಳಗೆ ಬಂದಳು. ನಂಜುಂಡಪ್ಪನೂ ಹತ್ತಿ ನನ್ನ ಬೆನ್ನ ಹಿಂದೆ ಕೂತ. ನಾನು ಹುಟ್ಟು ಹಿಡಿದೆ. ಬೆನ್ನು ಬಂಡೆಯ ಕಡೆಗೆ, ಮುಖ ಅಕ್ಕನ ಕಡೆಗೆ. ಗುರುತಿಗೆಂದು ಅವಳ ಹೆಗಲಾಚೆ ಏರಿಯ ಮೇಲಿನ ಬೇವಿನಮರವನ್ನು ಹಿಡಿದೆ. ಅದರ ಕೆಳಗೇ ಆ ಒಗೆಯುವ ಕಲ್ಲು. ಒಂಬತ್ತು ವರ್ಷದ ನಾನು ಕೂತಿದ್ದ ಕಲ್ಲು. ಏರಿಗೆ ಹತ್ತಿರದಲ್ಲೇ ನೀರಿನಲ್ಲಿ ನಿಂತಿರುವ ತೂಬಿನ ಕಲ್ಲುಕಂಬಗಳನ್ನು ದಾಟಿದೆವು. ಅಕ್ಕ ಕೈ ಚಾಚಿ ಒಂದು ಕಂಬವನ್ನು ಸವರಿ, ಕೈಗೆ ಬಂದ ಪಾಚಿಯನ್ನು ನೋಡಿಕೊಂಡಳು.

ಐವತ್ತೈದು ವರ್ಷ ಹೇಳದೇ ಉಳಿದದ್ದನ್ನು ಈಗ ಹೇಳದಿದ್ದರೆ ಇನ್ನು ಹೇಳಲಾಗುವುದಿಲ್ಲ ಎನಿಸಿತು.

"ಅಕ್ಕ, ಅವತ್ತು ಅಪ್ಪಂಗೆ ಹೇಳಿದ್ದು ನಾನು."

"ಊರಿಗೇ ಗೊತ್ತು, ನಂಗೊತ್ತಿಲ್ವಾ" ಎಂದಳು. ಪಾಚಿಯ ಕೈಯನ್ನು ನೀರಿಗೆ ಅದ್ದಿ ತೊಳೆಯುತ್ತಾ, "ಹೇಳಿದ್ದಕ್ಕೆ ನಂಗೇನಿಲ್ಲ ಕಣೋ. ಆದ್ರೆ ನೀನು ಹೇಳಿದ್ದು ಸುಳ್ಳು" ಎಂದಳು.

ನಾನು ಹುಟ್ಟು ನಿಲ್ಲಿಸಿದೆ.

"ನಾನು ಬಂಡೆ ಮುಟ್ಲೇ ಇಲ್ಲ. ಈ ತೂಬಿನ ತಾವ ಬರೋ ಹೊತ್ಗೆ ಕೈಕಾಲು ತಣ್ಣಗಾಗೋಯ್ತು. ಈ ಕಂಬದ ಹಿಂದ್ಗಡೆ ತಬ್ಕೊಂಡು ಅಳ್ತಾ ಇದ್ದೆ. ಸಾಕಾದ್ಮೇಲೆ ವಾಪಸ್ ಬಂದೆ."

ಆ ಸಂಜೆಯನ್ನು ನಾನು ಮತ್ತೆ ಮತ್ತೆ ನೋಡಿದೆ. ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ನೀರೆಲ್ಲ ಬಿಳಿ ತಗಡು. ಅಕ್ಕನ ತಲೆ ಕಂಬಗಳ ಹಿಂದೆ ಮರೆಯಾಯಿತು. ಬಹಳ ಹೊತ್ತಿನ ಮೇಲೆ ಮತ್ತೆ ಕಂಡಿತು. ಇಷ್ಟೇ ನಾನು ಕಂಡದ್ದು. ಉಳಿದದ್ದು ಅವಳು ನೀರಿಗೆ ಇಳಿಯುವ ಮೊದಲು ಹೇಳಿದ ಮಾತು. ನಡೆಯಬೇಕಿದ್ದ ಸಭೆಯನ್ನು ಆಹ್ವಾನಪತ್ರಿಕೆ ನೋಡಿಯೇ 'ನಡೆಯಿತು' ಎಂದು ಬರೆದು ತಂದ ಎಷ್ಟು ವರದಿಗಾರರಿಗೆ ನಾನು ಬೈದಿದ್ದೆನೋ ಲೆಕ್ಕವಿಲ್ಲ. ಕಂಡದ್ದು ಬೇರೆ, ಊಹಿಸಿದ್ದು ಬೇರೆ ಎಂದು ಮೂವತ್ತು ವರ್ಷ ಪಾಠ ಹೇಳಿದವನ ಮೊದಲ ವರದಿಯೇ ಹಾಗಿತ್ತು.

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಏಟು ಹೆಂಗಿದ್ರೂ ಬೀಳೋದೇ. ತಿನ್ನೋದಾದ್ರೆ ಮುಟ್ಟಿ ಬಂದೋಳಾಗೇ ತಿನ್ನಾಣ ಅಂತ ಸುಮ್ನಾದೆ. ಆಮೇಲೆ ಮದ್ವೆ ಆಯ್ತು. ನಿಮ್ಮ ಭಾವ ಹೋದ್ಕಡೆಲ್ಲ ಅದ್ನೇ ಹೇಳ್ಕೊಂಡು ಬತ್ತಾರೆ. ಒಂದೊಂದ್ಸಲ ಹೇಳ್ದಾಗ್ಲೂ ಇಲ್ಲಿ ಹಿಂಡ್ದಂಗಾಗ್ತದೆ."

ಅವಳು ಚೀಲ ತೆರೆದಳು. ಬುತ್ತಿಯಲ್ಲ, ಅಟ್ಟದಿಂದ ಆರಿಸಿ ತಂದ ಎರಡು ಒಣ ಕಾಯಿ, ಸಿಪ್ಪೆಯ ಗಂಟು ಹಾಕಿದ್ದು. ನಾನು ಮತ್ತೆ ಹುಟ್ಟು ಹಾಕಿದೆ. ಬಂಡೆ ಇನ್ನು ಹತ್ತು ಹನ್ನೆರಡು ಮಾರು ದೂರವಿರುವಾಗ ದೋಣಿ ನಿಲ್ಲಿಸು ಎಂದಳು. ನಾನು ಶಾಂತವಾಗಿ ಕಾರಣಗಳನ್ನು ಹೇಳಿದೆ: ವಯಸ್ಸು, ಮೊಣಕಾಲು, ಐವತ್ತೈದು ವರ್ಷದ ಅಭ್ಯಾಸವಿಲ್ಲದ ಮೈ, ನೀರಿನಡಿಯ ಜಾಲಿ ಕೂಳೆ. ದೋಣಿಯಲ್ಲಿ ಕೂತೇ ಬಂಡೆ ಮುಟ್ಟಬಹುದಲ್ಲ ಎಂದೆ.

"ದೋಣಿ ಮುಟ್ದಂಗಾಯ್ತು, ನಾನು ಮುಟ್ದಂಗಾಯ್ತಾ?"

ಹತ್ತುವಾಗ ತೊಡಿಸಿದ್ದ ಕಿತ್ತಳೆ ಅಂಗಿಯಾದರೂ ಮೈಮೇಲಿರಲಿ ಎಂದೆ. ಅದನ್ನು ಬಿಚ್ಚಿ ನನ್ನ ಮಡಿಲಿಗೆ ಹಾಕಿದಳು. ಕೊನೆಗೆ ಕಾಯಿಯ ಗಂಟಿಗೆ ದೋಣಿಯ ಹಗ್ಗದ ತುದಿ ಕಟ್ಟುವುದಕ್ಕೆ ಮಾತ್ರ ಒಪ್ಪಿದಳು. ನಂಜುಂಡಪ್ಪ ಯಾರೂ ಹೇಳದೆ ದಬ್ಬೇಘಟ್ಟದ ಕಡೆ ಮುಖ ತಿರುಗಿಸಿ ಕೂತ. ದೋಣಿ ಮಗುಚದಂತೆ ನಾನು ಎದುರು ಬದಿಗೆ ವಾಲಿದೆ. ಅಕ್ಕ ಕಾಯಿಗಳ ಗಂಟನ್ನು ಹೊಟ್ಟೆಗೆ ಒತ್ತಿಕೊಂಡು ಅಂಚಿನಿಂದ ಮೆಲ್ಲಗೆ ಜಾರಿದಳು.

ಮೊದಲ ಎರಡು ಕ್ಷಣ ಅವಳ ತಲೆ ಮುಳುಗಿತು. ನನ್ನ ಕೈ ಹಗ್ಗವನ್ನು ಎಳೆದೇಬಿಟ್ಟಿತ್ತು. ಕಾಯಿಗಳು ಅವಳನ್ನು ಎತ್ತಿದವು. ಬಿಳಿ ಕೂದಲು ಮುಖಕ್ಕೆ ಅಂಟಿತ್ತು. ಕೈ ಮುಂದಕ್ಕೆ ಚಾಚಿದಳು, ಆಮೇಲೆ ಇನ್ನೊಂದು ಕೈ. ನೆಲದ ಮೇಲೆ ಹೆಜ್ಜೆಗೊಮ್ಮೆ ಗೋಡೆ ಹಿಡಿಯುವ ಕಾಲುಗಳು ನೀರಿನಲ್ಲಿ ಯಾವ ತಕರಾರೂ ಇಲ್ಲದೆ ಬಡಿಯುತ್ತಿದ್ದವು. ಬಂಡೆಯ ಕಡೆ ತಿರುಗಿ ಕೂತ ನಾನು ಈ ಸಲ ಕಣ್ಣು ತೆಗೆಯಲಿಲ್ಲ. ಬಿಸಿಲು ಬೆನ್ನಿಗಿತ್ತು. ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳ ಬಲಗೈ ಕಲ್ಲಿಗೆ ಬಿತ್ತು, ಆಮೇಲೆ ಎಡಗೈ. ಬಂಡೆಯ ಇಳಿಜಾರಿನಲ್ಲಿ ಹೊಟ್ಟೆಯ ಮೇಲೆ ತೆವಳಿ ಹತ್ತಿ, ತಿರುಗಿ ಕೂತು, ಕಲ್ಲನ್ನು ಎರಡು ಸಲ ಅಂಗೈಯಿಂದ ತಟ್ಟಿದಳು, ಮನೆಗೆ ಬಂದ ಎಮ್ಮೆಯನ್ನು ತಟ್ಟುವಂತೆ.

"ನೋಡ್ದಾ?" ಎಂದಳು.

ನೋಡಿದೆ ಎಂದೆ. ದೋಣಿಯನ್ನು ಬಂಡೆಗೆ ತಾಗಿಸಿ ಅವಳನ್ನು ಕೂರಿಸಿಕೊಂಡೆವು. ಮರಳುವಾಗ ನಾನು ಬಂಡೆಯನ್ನೇ ಗುರುತಾಗಿ ಹಿಡಿದು ಹುಟ್ಟು ಹಾಕಿದೆ. ಅಕ್ಕ ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರು ಹೋಗಿಲ್ಲ, ಗಿಟುಕು ಚೆನ್ನಾಗಿದೆ, ಒಣಗಿಸಿ ವಾಪಸ್ಸು ಕೊಡು ಎಂದಳು. ಕೊಟ್ಟಿಲ್ಲ.

ಒಗೆಯುವ ಕಲ್ಲಿನ ಹತ್ತಿರ ನಾಲ್ಕೈದು ಹೆಂಗಸರು ಬಟ್ಟೆ ಹಿಡಿದು ನಿಂತು ನೋಡುತ್ತಿದ್ದರು. ಈ ವಯಸ್ಸಿನಲ್ಲಿ ಈಜಿ ಬಂಡೆ ಮುಟ್ಟಿದಳಲ್ಲ ಎಂದು ಒಬ್ಬಾಕೆ ಬಾಯಿ ತೆರೆಯುವಷ್ಟರಲ್ಲಿ, ಪಕ್ಕದಲ್ಲಿದ್ದ ಹಿರಿಯಾಕೆ ಸೆರಗು ಹಿಂಡುತ್ತಾ, "ಅದೇನು ಹೊಸದಲ್ಲ ಬುಡೇ. ಈವಮ್ಮ ಹುಡ್ಗಿಯಾಗಿದ್ದಾಗ್ಲೇ ಮುಟ್ಟಿದ್ದೋಳು" ಎಂದು ಮಾತು ಮುಗಿಸಿದಳು. ಅಕ್ಕ ಒದ್ದೆ ಮೈಯಲ್ಲಿ ನನ್ನ ತೋಳು ಹಿಡಿದು ನಿಂತಿದ್ದಳು. ಅವಳು ನಗುತ್ತಿರುವುದು ಹಿಡಿತದಲ್ಲೇ ಗೊತ್ತಾಯಿತು.

ಪತ್ರಿಕೆಯಲ್ಲಿ ನಮ್ಮದೊಂದು ನಿಯಮವಿತ್ತು: ತಪ್ಪು ಸುದ್ದಿ ಅಚ್ಚಾದರೆ ಮರುದಿನವೇ ತಿದ್ದುಪಡಿ ಹಾಕಬೇಕು. ಇಲ್ಲಿ ಸುದ್ದಿಗೆ ಕೈ ಹಚ್ಚುವ ಅಗತ್ಯವೇ ಬೀಳಲಿಲ್ಲ. ನಡೆದದ್ದೇ ಸುದ್ದಿಗೆ ತಕ್ಕಂತೆ ತನ್ನನ್ನು ತಿದ್ದಿಕೊಂಡಿತು. ಆದರೂ ದಾಖಲೆ ದಾಖಲೆಯೇ. ಇದನ್ನು ಬರೆಯಲೇ ಎಂದು ಅಕ್ಕನನ್ನು ಕೇಳಿದೆ.

"ಬರಿ. ನನ್ನ ಹೆಸ್ರು ಹಾಕ್ಬೇಡ" ಎಂದಳು. ಆಮೇಲೆ ಜಗಲಿಯ ಕಡೆ ನೋಡಿ, "ಧಾರಣೆ ಪುಟದಲ್ಲಂತೂ ಹಾಕಿಸ್ಬೇಡ" ಎಂದಳು.